ಕಪ್ಪು ಹಲಗೆ ಮತ್ತು ಭಿತ್ತಿಪತ್ರ: ಆರಂಭಕಾಲದ ತುರ್ಕಿ ಗಣರಾಜ್ಯದಲ್ಲಿ ದೃಶ್ಯ ಪ್ರಚಾರ

ರಾಷ್ಟ್ರವೆಂಬುದು ನೇರವಾಗಿ ಕಣ್ಣಿಗೆ ಕಾಣುವ ವಸ್ತುವಲ್ಲ. ಊರು ಕಾಣುತ್ತದೆ, ಹೊಲ ಕಾಣುತ್ತದೆ, ನೆರೆಹೊರೆಯವರು ಕಾಣುತ್ತಾರೆ; ಆದರೆ ಒಬ್ಬರನ್ನೊಬ್ಬರು ಎಂದೂ ನೋಡದ ಲಕ್ಷಾಂತರ ಜನ ಒಂದೇ ಸಮುದಾಯವೆಂಬ ಭಾವನೆಯನ್ನು ಯಾವುದಾದರೂ ಸಂಕೇತದ ಮೂಲಕವೇ ಕಾಣಿಸಬೇಕಾಗುತ್ತದೆ. ಧ್ವಜ, ಭೂಪಟ, ಪ್ರತಿಮೆ, ನೋಟು, ಅಂಚೆಚೀಟಿ, ಪಠ್ಯಪುಸ್ತಕದ ಮುಖಪುಟ ಇವೆಲ್ಲ ಆ ಕೆಲಸವನ್ನು ಮಾಡುತ್ತವೆ. ಸಾಹಿತ್ಯದ ವಿದ್ಯಾರ್ಥಿ ಒಂದು ಪದ್ಯವನ್ನು ಓದುವಾಗ ಕೇಳುವ ಪ್ರಶ್ನೆಗಳನ್ನೇ ಇವುಗಳಿಗೂ ಕೇಳಬಹುದು: ಇಲ್ಲಿ ಮಾತನಾಡುತ್ತಿರುವವರು ಯಾರು? ಯಾರನ್ನು ಉದ್ದೇಶಿಸಿ? ಯಾವುದನ್ನು ಹೇಳಲಾಗಿದೆ, ಯಾವುದನ್ನು ಬಿಡಲಾಗಿದೆ?

ಇಂತಹ ಅಧ್ಯಯನಕ್ಕೆ 1923ರಿಂದ 1938ರವರೆಗಿನ ತುರ್ಕಿ ಗಣರಾಜ್ಯ ಅತ್ಯಂತ ಸೂಕ್ತವಾದ ಉದಾಹರಣೆ. ಅಲ್ಲಿ ಹದಿನೈದು ವರ್ಷಗಳ ಅವಧಿಯಲ್ಲಿ ರಾಜಧಾನಿ, ಉಡುಪು, ಪಂಚಾಂಗ, ಕಾನೂನು, ಲಿಪಿ ಎಲ್ಲವೂ ಬದಲಾದವು. ಆ ಬದಲಾವಣೆಗಳನ್ನು ಜನರ ಮನಸ್ಸಿನಲ್ಲಿ ನೆಲೆಗೊಳಿಸಲು ಸರ್ಕಾರವು ಚಿತ್ರಗಳನ್ನು ವ್ಯಾಪಕವಾಗಿ ಬಳಸಿತು. 1928ನೆಯ ವರ್ಷವೊಂದರಲ್ಲೇ ಎರಡು ದೃಶ್ಯಗಳು ಹುಟ್ಟಿಕೊಂಡವು. ಒಂದು, ನಾಯಕನು ಕಪ್ಪು ಹಲಗೆಯ ಮುಂದೆ ನಿಂತು ಜನರಿಗೆ ಅಕ್ಷರ ಕಲಿಸುವ ಛಾಯಾಚಿತ್ರ. ಇನ್ನೊಂದು, ಜನರು ತಮ್ಮ ಮನೆಮಾತನ್ನು ಬೀದಿಯಲ್ಲಿ ಆಡಬಾರದೆಂದು ಸೂಚಿಸುವ ಭಿತ್ತಿಪತ್ರ. ಇವೆರಡನ್ನು ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಆ ಕಾಲದ ರಾಷ್ಟ್ರನಿರ್ಮಾಣದ ಸ್ವರೂಪ ಸ್ಪಷ್ಟವಾಗುತ್ತದೆ ಎಂಬುದು ಈ ಪಾಠದ ಮುಖ್ಯ ಪ್ರತಿಪಾದನೆ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದಲ್ಲಿ ಸೋತ ಆಟೊಮನ್ ಸಾಮ್ರಾಜ್ಯವನ್ನು ವಿಜೇತ ರಾಷ್ಟ್ರಗಳು ಹಂಚಿಕೊಳ್ಳಲು ಮುಂದಾದವು. ಅದನ್ನು ಎದುರಿಸಿ ಮುಸ್ತಫಾ ಕೆಮಾಲರ ನೇತೃತ್ವದಲ್ಲಿ ಅನಾತೋಲಿಯಾದಲ್ಲಿ ಸ್ವಾತಂತ್ರ್ಯ ಸಮರ ನಡೆಯಿತು. 1922ರ ನವೆಂಬರ್ 1ರಂದು ಸುಲ್ತಾನಗಿರಿ ರದ್ದಾಯಿತು. 1923ರ ಜುಲೈ 24ರಂದು ಲೊಸಾನ್ ಒಪ್ಪಂದಕ್ಕೆ ಸಹಿ ಬಿದ್ದಿತು. ಅದೇ ವರ್ಷ ಅಕ್ಟೋಬರ್ 13ರಂದು ಅಂಕಾರಾ ರಾಜಧಾನಿಯಾಯಿತು. ಅಕ್ಟೋಬರ್ 29ರಂದು ಗಣರಾಜ್ಯದ ಘೋಷಣೆಯಾಯಿತು. ಭಾರತದ ಸ್ವಾತಂತ್ರ್ಯ ಚಳವಳಿಯ ಪಾಠಗಳಲ್ಲಿ ‘ಖಿಲಾಫತ್’ ಎಂಬ ಪದವನ್ನು ಓದಿದವರಿಗೆ ಮುಂದಿನ ಘಟನೆ ನೆನಪಿರಬಹುದು: ಯಾವ ಖಲೀಫ ಪದವಿಯ ರಕ್ಷಣೆಗಾಗಿ ಇಲ್ಲಿ ಚಳವಳಿ ನಡೆಯಿತೋ ಆ ಪದವಿಯನ್ನು 1924ರ ಮಾರ್ಚ್ 3ರಂದು ತುರ್ಕಿಯ ಶಾಸನಸಭೆಯೇ ರದ್ದುಗೊಳಿಸಿತು.

ಹೊಸ ಸರ್ಕಾರದ ಮುಂದಿದ್ದ ಸಮಸ್ಯೆ ದೊಡ್ಡದು. ಆರು ಶತಮಾನಗಳ ಕಾಲ ಜನರ ನಿಷ್ಠೆಯು ಸುಲ್ತಾನನಿಗೂ ಧರ್ಮಕ್ಕೂ ಸಲ್ಲುತ್ತಿತ್ತು. ‘ತುರ್ಕಿ ರಾಷ್ಟ್ರ’ ಎಂಬ ಕಲ್ಪನೆ ನಗರದ ವಿದ್ಯಾವಂತರ ನಡುವೆ ಬೆಳೆದಿತ್ತೇ ಹೊರತು ಅನಾತೋಲಿಯಾದ ಹಳ್ಳಿಗಳಿಗೆ ಅದು ಅಷ್ಟಾಗಿ ಮುಟ್ಟಿರಲಿಲ್ಲ. 1927ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 1 ಕೋಟಿ 36 ಲಕ್ಷ. ಅಕ್ಷರ ಬಲ್ಲವರು ಸರಿಸುಮಾರು ಹತ್ತರಲ್ಲಿ ಒಬ್ಬರು. ಬರಹದ ಮೂಲಕ ತಲುಪಲಾಗದ ಜನರನ್ನು ಚಿತ್ರದ ಮೂಲಕ ತಲುಪಬೇಕಾಗಿತ್ತು. ದೃಶ್ಯ ಪ್ರಚಾರಕ್ಕೆ ಅಲ್ಲಿ ದೊರೆತ ಮಹತ್ವಕ್ಕೆ ಇದು ಮೊದಲ ಕಾರಣ.

ಪ್ರಜೆಯ ದೇಹವೇ ಮೊದಲ ಚಿತ್ರಪಟವಾಯಿತು. 1925ರ ಆಗಸ್ಟ್‌ನಲ್ಲಿ ಮುಸ್ತಫಾ ಕೆಮಾಲರು ಸಂಪ್ರದಾಯನಿಷ್ಠ ಪ್ರದೇಶವಾಗಿದ್ದ ಕಸ್ತಮೋನುವಿಗೆ ಅಂಚುಳ್ಳ ಹ್ಯಾಟು ಧರಿಸಿ ಹೋದರು. ನವೆಂಬರ್ 25ರಂದು ಟೋಪಿಯ ಕಾನೂನು ಜಾರಿಗೆ ಬಂದು, ‘ಫೆಜ್’ ಎಂಬ ಕೆಂಪು ಕುಲಾವಿ ನಿಷಿದ್ಧವಾಯಿತು. ಕೆಲವು ಊರುಗಳಲ್ಲಿ ಪ್ರತಿಭಟನೆಗಳು ನಡೆದವು; ಸ್ವಾತಂತ್ರ್ಯ ನ್ಯಾಯಮಂಡಳಿಗಳು ಕೆಲವರಿಗೆ ಮರಣದಂಡನೆ ವಿಧಿಸಿದವು. ಛಾಯಾಚಿತ್ರವೊಂದರಲ್ಲಿ ಸಾಲಾಗಿ ನಿಂತ ಜನರ ತಲೆಯ ಮೇಲೆ ಹ್ಯಾಟು ಕಂಡಾಗ ಅದರ ಹಿಂದೆ ಉತ್ಸಾಹವೂ ಇರಬಹುದು, ಭಯವೂ ಇರಬಹುದು. ಚಿತ್ರವು ತಾನಾಗಿ ಆ ವ್ಯತ್ಯಾಸವನ್ನು ಹೇಳುವುದಿಲ್ಲ.

ಕಪ್ಪು ಹಲಗೆಯ ಮುಂದೆ

ಅಂದಿನವರೆಗೆ ತುರ್ಕಿ ಭಾಷೆಯನ್ನು ಅರಬ್ಬೀ ಮೂಲದ ಲಿಪಿಯಲ್ಲಿ ಬರೆಯಲಾಗುತ್ತಿತ್ತು. ತುರ್ಕಿ ಭಾಷೆಯಲ್ಲಿ ಎಂಟು ಸ್ವರಗಳಿವೆ. ಅರಬ್ಬೀ ಲಿಪಿಯಲ್ಲಿ ಸ್ವರಗಳನ್ನು ಗುರುತಿಸುವ ವ್ಯವಸ್ಥೆ ಅದಕ್ಕೆ ಸಾಲುತ್ತಿರಲಿಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ನಿಜವಾದ ತೊಡಕು. ಲಿಪಿ ಸುಧಾರಣೆಯ ಚರ್ಚೆ ಆಟೊಮನ್ ಕಾಲದಲ್ಲೇ ಆರಂಭವಾಗಿತ್ತು. ಆದರೆ ಸುಧಾರಣೆಗೆ ಬದಲಾಗಿ ಸಂಪೂರ್ಣ ಪರಿವರ್ತನೆಯ ನಿರ್ಧಾರ ಕೈಗೊಂಡವರು ಮುಸ್ತಫಾ ಕೆಮಾಲ್. 1928ರ ಆಗಸ್ಟ್ 9ರ ರಾತ್ರಿ ಇಸ್ತಾಂಬುಲ್‌ನ ಸರಾಯ್‌ಬುರ್ನು ಉದ್ಯಾನದಲ್ಲಿ ಅವರು ಹೊಸ ಲಿಪಿಯನ್ನು ಪ್ರಕಟಿಸಿದರು. ನವೆಂಬರ್ 1ರಂದು ಲ್ಯಾಟಿನ್ ಮೂಲದ 29 ಅಕ್ಷರಗಳ ವರ್ಣಮಾಲೆ ಶಾಸನವಾಯಿತು. ಡಿಸೆಂಬರ್ 1ರಿಂದ ಪತ್ರಿಕೆಗಳೂ, 1929ರ ಜನವರಿ 1ರಿಂದ ಪುಸ್ತಕಗಳೂ ಹೊಸ ಲಿಪಿಯಲ್ಲೇ ಬರಬೇಕಾಯಿತು. ಅದೇ ಜನವರಿ 1ರಂದು ವಯಸ್ಕರಿಗಾಗಿ ‘ಮಿಲ್ಲೆತ್ ಮೆಕ್ತೆಪ್ಲೆರಿ’ ಅಂದರೆ ರಾಷ್ಟ್ರಶಾಲೆಗಳು ತೆರೆದವು.

ಪ್ರಕಟಣೆಗೂ ಶಾಸನಕ್ಕೂ ನಡುವಿನ ತಿಂಗಳುಗಳಲ್ಲಿ ಮುಸ್ತಫಾ ಕೆಮಾಲರು ಊರೂರು ಸುತ್ತಿದರು. ಸೆಪ್ಟೆಂಬರ್‌ನಲ್ಲಿ ಕಾಯ್ಸೆರಿ ಪಟ್ಟಣದಲ್ಲಿ ತೆಗೆದ ಛಾಯಾಚಿತ್ರ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಬಯಲಿನಲ್ಲಿ ನಿಲ್ಲಿಸಿದ ಕಪ್ಪು ಹಲಗೆ, ಅದರ ಮೇಲೆ ಹೊಸ ಅಕ್ಷರಗಳು, ಪಕ್ಕದಲ್ಲಿ ಯುರೋಪಿಯನ್ ಉಡುಪಿನಲ್ಲಿರುವ ರಾಷ್ಟ್ರಾಧ್ಯಕ್ಷ, ಸುತ್ತಲೂ ನೋಡುತ್ತಿರುವ ಜನ.

ಈ ಚಿತ್ರದ ರಚನೆಯನ್ನು ಗಮನಿಸಬೇಕು. ಯುದ್ಧ ಗೆದ್ದ ಸೇನಾಪತಿ ಇಲ್ಲಿ ಕುದುರೆಯ ಮೇಲಿಲ್ಲ, ಸಿಂಹಾಸನದ ಮೇಲಿಲ್ಲ. ಶಾಲಾ ಮೇಷ್ಟರ ಸ್ಥಾನದಲ್ಲಿದ್ದಾನೆ. ಅಧಿಕಾರವು ಜ್ಞಾನದ ರೂಪ ತಾಳಿದೆ. ಅದರೊಂದಿಗೆ ಇನ್ನೊಂದು ಸಂಬಂಧವೂ ಸ್ಥಾಪಿತವಾಗಿದೆ. ಮೇಷ್ಟರು ಇರುವಲ್ಲಿ ಉಳಿದವರೆಲ್ಲ ವಿದ್ಯಾರ್ಥಿಗಳು. ಹಳೆಯ ಲಿಪಿಯಲ್ಲಿ ಪಾಂಡಿತ್ಯ ಪಡೆದ ಕವಿ, ನ್ಯಾಯಾಧೀಶ, ಧರ್ಮಗುರು ಮೊದಲಾದವರೂ ಒಂದೇ ದಿನದಲ್ಲಿ ಮೊದಲ ತರಗತಿಯ ಮಕ್ಕಳಾದರು. ಜನತೆ ತಪ್ಪು ಮಾಡುವ, ತಿದ್ದಿಸಿಕೊಳ್ಳುವ ಸ್ಥಾನದಲ್ಲಿದೆ. ತಿದ್ದುವ ಹಕ್ಕು ಹಲಗೆಯ ಬಳಿ ನಿಂತವನದು. 1928ರ ನವೆಂಬರ್‌ನಲ್ಲಿ ಮುಸ್ತಫಾ ಕೆಮಾಲರಿಗೆ ‘ಪ್ರಧಾನ ಶಿಕ್ಷಕ’ ಎಂಬ ಬಿರುದನ್ನು ಅಧಿಕೃತವಾಗಿ ನೀಡಲಾಯಿತು. 1938ರಲ್ಲಿ ಲಿಪಿ ಪರಿವರ್ತನೆಗೆ ಹತ್ತು ವರ್ಷ ತುಂಬಿದಾಗ ಅವರು ಅಕ್ಷರ ಕಲಿಸುವ ದೃಶ್ಯವೇ ಅಂಚೆಚೀಟಿಯಾಯಿತು.

ಈ ದೃಶ್ಯ ಸುಳ್ಳೆಂದು ಹೇಳಲಾಗದು. ಅಕ್ಷರಸ್ಥರ ಪ್ರಮಾಣ 1935ರ ಹೊತ್ತಿಗೆ ಸುಮಾರು ಶೇಕಡಾ 20ಕ್ಕೆ ಏರಿತು. ಹಳೆಯ ಲಿಪಿಯಲ್ಲಿ ಎಂದೂ ಓದದಿದ್ದ ಹೆಣ್ಣುಮಕ್ಕಳೂ ಬಡವರೂ ಹೊಸ ಲಿಪಿಯಲ್ಲಿ ಓದಿದರು. ಶೆರೆಫ್ ಅಕ್ದಿಕ್ ಎಂಬ ಕಲಾವಿದ 1935ರಲ್ಲಿ ರಚಿಸಿದ ‘ಶಾಲೆಗೆ ದಾಖಲಾತಿ’ ಎಂಬ ತೈಲಚಿತ್ರ ಇದೇ ಆಶಯದ್ದು. ಆದರೆ ಆ ಪೀಳಿಗೆಯ ನಂತರದ ತುರ್ಕರು ತಮ್ಮ ಅಜ್ಜನ ಪತ್ರವನ್ನಾಗಲಿ, ಸಮಾಧಿಯ ಮೇಲಿನ ಬರಹವನ್ನಾಗಲಿ ವಿಶೇಷ ತರಬೇತಿಯಿಲ್ಲದೆ ಓದಲಾರರು. ಹಲಗೆಯ ಮೇಲೆ ಬರೆದ ಅಕ್ಷರ ಚಿತ್ರದಲ್ಲಿದೆ. ಅದರಿಂದ ಒರೆಸಿಹೋದದ್ದು ಚಿತ್ರದಲ್ಲಿಲ್ಲ.

ಚೌಕಗಳಲ್ಲಿ ನಿಂತ ಕಂಚು

ಇಸ್ಲಾಮೀ ಪರಂಪರೆಯ ಆಟೊಮನ್ ನಗರಗಳಲ್ಲಿ ಸಾರ್ವಜನಿಕ ಸ್ಥಳದಲ್ಲಿ ಮನುಷ್ಯರ ಪ್ರತಿಮೆ ನಿಲ್ಲಿಸುವ ವಾಡಿಕೆ ಇರಲಿಲ್ಲ. ಹೀಗಾಗಿ ಪ್ರತಿಮೆಯೊಂದು ನಿಂತದ್ದೇ ಒಂದು ಘೋಷಣೆಯಾಗಿತ್ತು. 1926ರ ಅಕ್ಟೋಬರ್ 3ರಂದು ಇಸ್ತಾಂಬುಲ್‌ನ ಸರಾಯ್‌ಬುರ್ನುವಿನಲ್ಲಿ ಮುಸ್ತಫಾ ಕೆಮಾಲರ ಮೊದಲ ಪ್ರತಿಮೆ ಅನಾವರಣಗೊಂಡಿತು. ಸುಲ್ತಾನರ ಹಳೆಯ ಅರಮನೆಯ ಬುಡದಲ್ಲೇ, ಸೂಟು ಧರಿಸಿದ ನಾಗರಿಕನ ರೂಪದಲ್ಲಿ ಅದು ನಿಂತಿತು. ಎರಡು ವರ್ಷಗಳ ನಂತರ ಲಿಪಿಯ ಪ್ರಕಟಣೆ ಆದದ್ದೂ ಆ ಪರಿಸರದಲ್ಲೇ ಎಂಬುದು ಗಮನಾರ್ಹ.

1927ರಲ್ಲಿ ಅಂಕಾರಾದ ಉಲುಸ್ ಚೌಕದಲ್ಲಿ ವಿಜಯ ಸ್ಮಾರಕ ನಿಂತಿತು. ಎತ್ತರದ ಪೀಠದ ಮೇಲೆ ಕುದುರೆ ಏರಿದ ನಾಯಕ. ಕೆಳಗೆ ಇಬ್ಬರು ಸೈನಿಕರು. ಹಿಂಬದಿಯಲ್ಲಿ ಹೆಗಲ ಮೇಲೆ ಫಿರಂಗಿ ಗುಂಡು ಹೊತ್ತ ಹಳ್ಳಿಯ ಹೆಂಗಸು. ಯುದ್ಧಕಾಲದಲ್ಲಿ ಮದ್ದುಗುಂಡು ಸಾಗಿಸಿದ ಅನಾತೋಲಿಯಾದ ರೈತ ಮಹಿಳೆಯರಿಗೆ ಇದು ಸಲ್ಲಿಸಿದ ಗೌರವ. ಸುಲ್ತಾನರ ಕಾಲದ ಯಾವ ಸ್ಮಾರಕವೂ ಇಂಥವಳಿಗೆ ಸ್ಥಾನ ಕೊಟ್ಟಿರಲಿಲ್ಲ. ಆದರೂ ಮೇಲು ಕೆಳಗಿನ, ಮುಂದು ಹಿಂದಿನ ಕ್ರಮ ಸ್ಪಷ್ಟವಾಗಿದೆ. ರಾಷ್ಟ್ರದಲ್ಲಿ ಎಲ್ಲರಿಗೂ ಸ್ಥಾನವುಂಟು. ಆ ಸ್ಥಾನ ಎಲ್ಲಿ ಎಂಬುದನ್ನು ಪೀಠವೇ ನಿರ್ಧರಿಸುತ್ತದೆ.

ಇಸ್ತಾಂಬುಲ್‌ನ ತಕ್ಸಿಮ್ ಚೌಕದ ಗಣರಾಜ್ಯ ಸ್ಮಾರಕ 1928ರ ಆಗಸ್ಟ್ 8ರಂದು, ಅಂದರೆ ಲಿಪಿ ಪ್ರಕಟಣೆಯ ಹಿಂದಿನ ದಿನ, ಅನಾವರಣಗೊಂಡಿತು. ಅದರ ಒಂದು ಮುಖದಲ್ಲಿ ಮುಸ್ತಫಾ ಕೆಮಾಲ್ ಸೈನಿಕ ಉಡುಪಿನಲ್ಲಿದ್ದರೆ ಇನ್ನೊಂದು ಮುಖದಲ್ಲಿ ನಾಗರಿಕ ಉಡುಪಿನಲ್ಲಿದ್ದಾರೆ. ಸ್ಮಾರಕವನ್ನು ಸುತ್ತಿ ಬರುವ ಪ್ರಜೆ ಯುದ್ಧದಿಂದ ಗಣರಾಜ್ಯಕ್ಕೆ ನಡೆದು ಬಂದಂತಾಗುತ್ತದೆ.

ಸರಾಯ್‌ಬುರ್ನು ಮತ್ತು ಉಲುಸ್ ಪ್ರತಿಮೆಗಳನ್ನು ರಚಿಸಿದವನು ಆಸ್ಟ್ರಿಯಾದ ಹೈನ್ರಿಖ್ ಕ್ರಿಪ್ಪೆಲ್. ತಕ್ಸಿಮ್ ಸ್ಮಾರಕದ ಶಿಲ್ಪಿ ಇಟಲಿಯ ಪಿಯೆತ್ರೊ ಕನೋನಿಕಾ. ತುರ್ಕಿತನದ ಅತ್ಯಂತ ಪ್ರಭಾವಶಾಲಿ ಆರಂಭಿಕ ಚಿತ್ರಣ ವಿದೇಶೀಯರ ಕೈಯಲ್ಲಿ ಮೂಡಿತು. ಸ್ಮಾರಕ ಶಿಲ್ಪದ ಪರಂಪರೆಯಿಲ್ಲದ ನಾಡಿನಲ್ಲಿ ಇದು ಸಹಜವೇ ಆಗಿತ್ತು.

ಕೈಯಿಂದ ಕೈಗೆ ಹೋಗುವ ಚಿತ್ರ

ಸ್ಮಾರಕವನ್ನು ನೋಡಲು ನಗರಕ್ಕೆ ಹೋಗಬೇಕು. ನೋಟು ತಾನಾಗಿ ಹಳ್ಳಿಗೆ ಬರುತ್ತದೆ. ಗಣರಾಜ್ಯದ ಮೊದಲ ನೋಟುಗಳು 1927ರ ಡಿಸೆಂಬರ್‌ನಲ್ಲಿ ಚಲಾವಣೆಗೆ ಬಂದವು. ಒಂದು ಲೀರಾ ನೋಟಿನ ಮೇಲೆ ನೇಗಿಲು ಹಿಡಿದ ರೈತ, 5 ಮತ್ತು 10 ಲೀರಾ ನೋಟುಗಳ ಮೇಲೆ ತೋಳ. ತೋಳವು ತುರ್ಕರ ಮೂಲವನ್ನು ಮಧ್ಯ ಏಷ್ಯಾದೊಂದಿಗೆ ಬೆಸೆಯುವ ಪುರಾಣಕಥೆಯ ಪ್ರಾಣಿ. ಆಟೊಮನ್ ಭೂತಕಾಲವನ್ನು ಬದಿಗಿರಿಸಿ ಅದಕ್ಕೂ ಹಿಂದಿನ ಇನ್ನೊಂದು ಭೂತಕಾಲವನ್ನು ರಾಷ್ಟ್ರಕ್ಕೆ ಒದಗಿಸುವ ಪ್ರಯತ್ನ ಇಲ್ಲಿದೆ. ಸ್ವಾರಸ್ಯದ ಸಂಗತಿಯೆಂದರೆ, ಈ ನೋಟುಗಳು ಲಿಪಿ ಬದಲಾವಣೆಗೆ ಮುಂಚೆ ಮುದ್ರಿತವಾದ್ದರಿಂದ ಅವುಗಳ ಬರಹ ಹಳೆಯ ಲಿಪಿಯಲ್ಲೇ ಇತ್ತು. ಹೊಸ ಲಿಪಿಯ ನೋಟುಗಳು ಬಂದದ್ದು 1937ರಲ್ಲಿ. ಶಾಲೆಯ ಹಲಗೆಯಿಂದ ಅಳಿಸಿದ ಅಕ್ಷರ ಒಂಬತ್ತು ವರ್ಷ ಜನರ ಜೇಬಿನಲ್ಲಿ ಉಳಿದಿತ್ತು.

ಭಿತ್ತಿಪತ್ರ ಕಲೆಯಲ್ಲಿ ಮುಖ್ಯ ಹೆಸರು ಇಹಾಪ್ ಹುಲೂಸಿ ಗೋರೆ. ಮ್ಯೂನಿಕ್‌ನಲ್ಲಿ ಕಲಿತು ಬಂದ ಈ ಕಲಾವಿದ ಬ್ಯಾಂಕು, ಲಾಟರಿ, ಸರ್ಕಾರಿ ಏಕಸ್ವಾಮ್ಯದ ಸರಕುಗಳಿಗೆ ನೂರಾರು ಚಿತ್ರ ಬರೆದನು. ಸ್ವದೇಶಿ ವಸ್ತುಗಳನ್ನೇ ಕೊಳ್ಳಿರಿ, ಹಣ ಉಳಿಸಿರಿ ಎಂಬ ಸಂದೇಶಗಳಿಗೆ 1929ರ ಡಿಸೆಂಬರ್‌ನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಆರ್ಥಿಕತೆ ಮತ್ತು ಉಳಿತಾಯ ಸಂಘ ವೇದಿಕೆಯಾಯಿತು. 1930ರ ದಶಕದ ಅಕ್ಷರಮಾಲೆ ಪುಸ್ತಕಕ್ಕೆ ಇಹಾಪ್ ಹುಲೂಸಿ ಬರೆದ ಮುಖಪುಟ ಹೆಚ್ಚು ಪರಿಚಿತ: ಮುಸ್ತಫಾ ಕೆಮಾಲರು ತಮ್ಮ ಪುಟ್ಟ ಸಾಕುಮಗಳು ಉಲ್ಕುವಿಗೆ ಓದು ಕಲಿಸುತ್ತಿದ್ದಾರೆ. ಕಾಯ್ಸೆರಿಯ ಚಿತ್ರದಲ್ಲಿ ಜನಸಮೂಹದ ಮೇಷ್ಟರಾಗಿದ್ದವರು ಇಲ್ಲಿ ಮನೆಯ ತಂದೆಯಾಗಿದ್ದಾರೆ. 1934ರ ಅಡ್ಡಹೆಸರಿನ ಕಾನೂನಿನ ನಂತರ ಶಾಸನಸಭೆ ಅವರಿಗೆ ನೀಡಿದ ‘ಅತಾತುರ್ಕ್’ ಎಂಬ ಹೆಸರಿನ ಅರ್ಥವೂ ‘ತುರ್ಕರ ಪಿತ’ ಎಂದೇ.

ಹತ್ತನೆಯ ವರ್ಷದ ಚಿತ್ರಗಳು

1933ರಲ್ಲಿ ಗಣರಾಜ್ಯದ ಹತ್ತನೆಯ ವಾರ್ಷಿಕೋತ್ಸವ ವೈಭವದಿಂದ ನಡೆಯಿತು. ‘ಹಿಂದೆ’ ಮತ್ತು ‘ಇಂದು’ ಎಂಬ ಹೋಲಿಕೆ ಆ ಸಂದರ್ಭದ ಭಿತ್ತಿಪತ್ರಗಳ ಮೆಚ್ಚಿನ ತಂತ್ರ. ಆ ವರ್ಷವೇ ಝೆಕಿ ಫಾಯಿಕ್ ಇಝೆರ್ ‘ಕ್ರಾಂತಿಯ ಹಾದಿಯಲ್ಲಿ’ ಎಂಬ ದೊಡ್ಡ ತೈಲಚಿತ್ರವನ್ನು ರಚಿಸಿದನು. ಇದರ ಮಾದರಿ ಫ್ರಾನ್ಸಿನ ಯೂಜೆನ್ ಡೆಲಾಕ್ರಾ 1830ರಲ್ಲಿ ಬರೆದ, ಸ್ವಾತಂತ್ರ್ಯದೇವತೆ ಬಾವುಟ ಹಿಡಿದು ಜನರನ್ನು ಮುನ್ನಡೆಸುವ ಪ್ರಸಿದ್ಧ ಚಿತ್ರ. ಇಝೆರನ ಚಿತ್ರದಲ್ಲೂ ಬಾವುಟ ಹಿಡಿದ ಹೆಣ್ಣಿದ್ದಾಳೆ. ಆದರೆ ಮೂಲದಲ್ಲಿಲ್ಲದ ಒಂದು ವ್ಯಕ್ತಿ ಇಲ್ಲಿ ಬಂದಿದೆ: ಪಕ್ಕದಲ್ಲಿ ನಿಂತು ದಾರಿ ತೋರುವ ಮುಸ್ತಫಾ ಕೆಮಾಲ್. ಡೆಲಾಕ್ರಾನಲ್ಲಿ ಜನರನ್ನು ನಡೆಸುವುದು ಒಂದು ಆದರ್ಶ. ಇಝೆರನಲ್ಲಿ ಆದರ್ಶಕ್ಕೂ ಒಬ್ಬ ಮಾರ್ಗದರ್ಶಕ ಬೇಕು. ಕೃತಿಯೊಂದು ಇನ್ನೊಂದು ಕೃತಿಯನ್ನು ಅನುಸರಿಸುವಾಗ ಮಾಡುವ ಬದಲಾವಣೆಯಲ್ಲೇ ಅದರ ಸ್ವಂತ ಅರ್ಥವಿರುತ್ತದೆ ಎಂಬುದನ್ನು ಪಂಪನ ಭಾರತವನ್ನು ವ್ಯಾಸಭಾರತದೊಂದಿಗೆ ಇಟ್ಟು ಓದಿದ ಕನ್ನಡ ವಿದ್ಯಾರ್ಥಿಗಳು ಬಲ್ಲರು. ಚಿತ್ರಕ್ಕೂ ಅದೇ ವಿಧಾನ ಅನ್ವಯಿಸುತ್ತದೆ.

ಇಂತಹ ಕಲೆಯನ್ನು ಊರುಗಳಿಗೆ ಕೊಂಡೊಯ್ಯಲು 1932ರ ಫೆಬ್ರುವರಿ 19ರಂದು ಆರಂಭವಾದ ‘ಹಾಲ್ಕೆವಿ’ಗಳು, ಎಂದರೆ ಜನತಾ ಮಂದಿರಗಳು, ನೆರವಾದವು. ಗ್ರಂಥಾಲಯ, ನಾಟಕ, ಸಂಗೀತ, ಚಿತ್ರಕಲೆ, ಜಾನಪದ ಸಂಗ್ರಹ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. 1938ರಿಂದ ಆಳುವ ಪಕ್ಷವು ಚಿತ್ರಕಾರರನ್ನು ವಿವಿಧ ಪ್ರಾಂತ್ಯಗಳಿಗೆ ಕಳುಹಿಸಿ ನಾಡನ್ನು ಚಿತ್ರಿಸುವ ಅವಕಾಶ ಒದಗಿಸಿತು. ಜಾನಪದಕ್ಕೆ ಇದರಿಂದ ಉಪಕಾರವಾಯಿತೆಂಬುದು ನಿಜ. ಯಾವ ಜನಪದವು ‘ರಾಷ್ಟ್ರೀಯ’ ಎಂಬುದನ್ನು ಆರಿಸುವ ಅಧಿಕಾರ ಮಾತ್ರ ಪಕ್ಷದ ಕೈಯಲ್ಲಿತ್ತು.

ಹೊರಜಗತ್ತಿಗೆ ತೋರಿದ ಮುಖ

1934ರಲ್ಲಿ ಸರ್ಕಾರದ ಮುದ್ರಣ ಇಲಾಖೆ ‘ಲಾ ತುರ್ಕಿ ಕೆಮಾಲಿಸ್ತ್’ ಎಂಬ ಪತ್ರಿಕೆಯನ್ನು ಹೆಚ್ಚಾಗಿ ಫ್ರೆಂಚ್ ಭಾಷೆಯಲ್ಲಿ, ವಿದೇಶೀ ಓದುಗರಿಗಾಗಿ ಹೊರತಂದಿತು. ಇದಕ್ಕೆ ಛಾಯಾಚಿತ್ರ ಒದಗಿಸಿದವರಲ್ಲಿ ಪ್ರಮುಖನು ಆಸ್ಟ್ರಿಯಾ ಮೂಲದ ಒಟ್ಮಾರ್ ಫೆರ್ಶಿ. ಅಂಕಾರಾದ ಅಗಲವಾದ ಬೀದಿಗಳು, ಅಣೆಕಟ್ಟು, ಕಾರ್ಖಾನೆ, ಪ್ರಯೋಗಶಾಲೆ, ವ್ಯಾಯಾಮದ ಉಡುಪಿನ ಹುಡುಗಿಯರು ಅವನ ವಿಷಯಗಳು. 1934ರಲ್ಲಿ ಮಹಿಳೆಯರಿಗೆ ಶಾಸನಸಭಾ ಚುನಾವಣೆಯ ಮತಾಧಿಕಾರ ದೊರೆತು, 1935ರಲ್ಲಿ 18 ಮಹಿಳೆಯರು ಸಭೆಗೆ ಬಂದರು. ಹಲವು ಯುರೋಪಿಯನ್ ದೇಶಗಳಲ್ಲಿ ಇದು ಇನ್ನೂ ಆಗಿರಲಿಲ್ಲ. ಛಾಯಾಚಿತ್ರಗಳ ಹೊಸ ಮಹಿಳೆ ಕೇವಲ ಕಲ್ಪನೆಯಲ್ಲ. ಆದರೆ ಅವಳು ಬಹುಮಟ್ಟಿಗೆ ನಗರದವಳು. ದೇಶದ ಬಹುಪಾಲು ಮಹಿಳೆಯರು ಹಳ್ಳಿಯಲ್ಲಿದ್ದರು.

ಅದೇ ವರ್ಷದ ಇನ್ನೊಂದು ಬರಹ

ಈಗ 1928ಕ್ಕೆ ಮರಳಬೇಕು. ಆ ವರ್ಷದ ಜನವರಿಯಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳ ಸಂಘವು ‘ಪ್ರಜೆಯೇ, ತುರ್ಕಿ ಭಾಷೆಯಲ್ಲಿ ಮಾತನಾಡು’ ಎಂಬ ಅಭಿಯಾನವನ್ನು ಆರಂಭಿಸಿತು. ದೋಣಿ, ಟ್ರಾಮು, ನಾಟಕಶಾಲೆಗಳಲ್ಲಿ ಈ ಫಲಕಗಳು ಕಾಣಿಸಿಕೊಂಡವು. ಗುರಿಯಾದವರು ಗ್ರೀಕ್ ಮಾತನಾಡುವ ಕ್ರೈಸ್ತರು, ಆರ್ಮೇನಿಯನ್ನರು, ಸ್ಪೇನಿನ ಮೂಲದ ಲಾದಿನೊ ಭಾಷೆಯನ್ನು ಮನೆಮಾತಾಗಿ ಉಳಿಸಿಕೊಂಡಿದ್ದ ಯೆಹೂದ್ಯರು. ಮುಂದಿನ ವರ್ಷಗಳಲ್ಲಿ ಕೆಲವು ನಗರಸಭೆಗಳು ಬೇರೆ ಭಾಷೆ ಆಡಿದವರಿಗೆ ದಂಡವನ್ನೂ ಗೊತ್ತುಪಡಿಸಿದವು. ಆದರೆ ಲೊಸಾನ್ ಒಪ್ಪಂದದ 39ನೆಯ ವಿಧಿ ತುರ್ಕಿಯ ಯಾವುದೇ ಪ್ರಜೆ ಖಾಸಗಿ ಬದುಕಿನಲ್ಲಿ, ವ್ಯಾಪಾರದಲ್ಲಿ, ಧರ್ಮದಲ್ಲಿ, ಪತ್ರಿಕೆಯಲ್ಲಿ, ಸಾರ್ವಜನಿಕ ಸಭೆಯಲ್ಲಿ ಯಾವ ಭಾಷೆಯನ್ನಾದರೂ ನಿರ್ಬಂಧವಿಲ್ಲದೆ ಬಳಸಬಹುದೆಂದು ಹೇಳಿತ್ತು. ಕಾನೂನು ಕೊಟ್ಟ ಹಕ್ಕನ್ನು ಗೋಡೆಯ ಬರಹ ಹಿಂತೆಗೆದುಕೊಂಡಿತು.

ಈ ಫಲಕದಲ್ಲಿ ಮುಖ್ಯವಾದುದು ಸಂಬೋಧನೆ. ‘ಪ್ರಜೆಯೇ’ ಎಂದು ಕರೆದು, ಆ ಕರೆಗೆ ಓಗೊಡಬೇಕಾದರೆ ಮನೆಮಾತನ್ನು ಬಿಡಬೇಕೆಂದು ಅದು ಷರತ್ತು ಹಾಕುತ್ತದೆ. ಕಪ್ಪು ಹಲಗೆಯ ಚಿತ್ರ ‘ಬಾ, ಕಲಿ’ ಎಂದರೆ ಇದು ‘ಬಿಡು’ ಎನ್ನುತ್ತದೆ. ಎರಡರ ಹಿಂದಿರುವ ತರ್ಕ ಒಂದೇ: ಒಂದು ರಾಷ್ಟ್ರ, ಒಂದು ಭಾಷೆ, ಒಂದು ಲಿಪಿ.

ಈ ತರ್ಕಕ್ಕೆ ಅಡ್ಡಬಂದ ವಾಸ್ತವಕ್ಕೆ ಕರಮಾನ್ಲಿ ಸಮುದಾಯ ಉತ್ತಮ ನಿದರ್ಶನ. ಅನಾತೋಲಿಯಾದ ಈ ಸನಾತನ ಕ್ರೈಸ್ತರ ಮನೆಮಾತು ತುರ್ಕಿ. ಅದನ್ನು ಅವರು ಬರೆಯುತ್ತಿದ್ದುದು ಗ್ರೀಕ್ ಲಿಪಿಯಲ್ಲಿ. ತುಳು, ಕೊಂಕಣಿಗಳನ್ನು ಕನ್ನಡ ಲಿಪಿಯಲ್ಲಿ ಓದಿದವರಿಗೆ ಇಂತಹ ಸ್ಥಿತಿ ಹೊಸದಲ್ಲ. 1923ರ ಜನವರಿಯ ಒಡಂಬಡಿಕೆಯಂತೆ ಗ್ರೀಸ್ ಮತ್ತು ತುರ್ಕಿಗಳ ನಡುವೆ ಜನಸಂಖ್ಯಾ ವಿನಿಮಯ ನಡೆದು, ಸುಮಾರು 12 ಲಕ್ಷ ಕ್ರೈಸ್ತರೂ 4 ಲಕ್ಷದಷ್ಟು ಮುಸ್ಲಿಮರೂ ನೆಲೆ ಕಳೆದುಕೊಂಡರು. ಅಲ್ಲಿ ಅಳತೆಗೋಲಾದದ್ದು ಭಾಷೆಯಲ್ಲ, ಧರ್ಮ. ಹೀಗಾಗಿ ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಕರಮಾನ್ಲಿಗಳು ಗ್ರೀಸಿಗೆ ಹೋಗಬೇಕಾಯಿತು. ಐದು ವರ್ಷಗಳ ನಂತರ ಉಳಿದವರಿಗೆ ತುರ್ಕಿ ಭಾಷೆಯನ್ನೇ ಆಡಬೇಕೆಂಬ ಫಲಕ ಬಂದಿತು. ಪೂರ್ವ ಪ್ರಾಂತ್ಯಗಳ ಕುರ್ದಿ ಭಾಷಿಕರಂತೂ ಅಧಿಕೃತ ಚಿತ್ರಗಳಲ್ಲಿ ಕುರ್ದರಾಗಿ ಕಾಣಿಸಿಕೊಳ್ಳಲೇ ಇಲ್ಲ.

ಉಪಸಂಹಾರ

ದೃಶ್ಯ ಪ್ರಚಾರವೆಂದರೆ ಸುಳ್ಳಿನ ಕಂತೆಯೆಂದು ತಳ್ಳಿಹಾಕುವುದು ಸುಲಭ. ಅದನ್ನೇ ಇತಿಹಾಸವೆಂದು ನಂಬುವುದೂ ಸುಲಭ. ತುರ್ಕಿಯ ಉದಾಹರಣೆ ಇವೆರಡನ್ನೂ ಒಪ್ಪುವುದಿಲ್ಲ. ಕಪ್ಪು ಹಲಗೆಯಿಂದ ಲಕ್ಷಾಂತರ ಜನ ಅಕ್ಷರ ಕಲಿತದ್ದು ನಿಜ; ಫಲಕದ ಕೆಳಗೆ ಕುಳಿತ ಅಜ್ಜಿ ಮೊಮ್ಮಗುವಿನೊಡನೆ ಮೆಲುದನಿಯಲ್ಲಿ ಮಾತನಾಡಬೇಕಾದ ಸ್ಥಿತಿ ಬಂದದ್ದೂ ನಿಜ. ಭಾಷೆಯನ್ನು ಕಲಿಸುವುದಕ್ಕೆ ಇನ್ನೊಂದನ್ನು ಮರೆಸಬೇಕಾದ ಅಗತ್ಯವೇನೂ ಇಲ್ಲ. ಆದರೆ ಏಕರೂಪದ ರಾಷ್ಟ್ರದ ಕಲ್ಪನೆ ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಿತು.

ರಾಜ್ಯದ ಭಾಷೆಯೊಂದು, ಮನೆಯ ಭಾಷೆ ಇನ್ನೊಂದು ಆಗಿರುವ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ವಿಷಯ ದೂರದ್ದಾಗಿ ತೋರಲಾರದು. ಭಾರತದ ಸಂವಿಧಾನ ಬೇರೆ ದಾರಿ ಹಿಡಿದಿದೆ: 29 ಮತ್ತು 30ನೆಯ ವಿಧಿಗಳು ಭಾಷಾ ಅಲ್ಪಸಂಖ್ಯಾತರ ಹಕ್ಕನ್ನು ಕಾಪಾಡುತ್ತವೆ, 1956ರಲ್ಲಿ ಸೇರಿದ 350ಎ ವಿಧಿ ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆದರೆ ಲೊಸಾನ್ ಒಪ್ಪಂದದ 39ನೆಯ ವಿಧಿ ಕಲಿಸುವ ಪಾಠ ಇಲ್ಲಿಗೂ ಸಲ್ಲುತ್ತದೆ. ಕಾಗದದ ಮೇಲಿನ ಹಕ್ಕು ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ, ತರಗತಿಯ ಹಲಗೆಯಲ್ಲಿ ಕಣ್ಣಿಗೆ ಕಂಡಾಗಲೇ ಅದು ಬದುಕಿನ ಹಕ್ಕಾಗುತ್ತದೆ.

ಚಿಂತನೆಗೆ ಪ್ರಶ್ನೆಗಳು

1. ನಾಯಕನನ್ನು ಸೇನಾಪತಿ, ಶಿಕ್ಷಕ, ತಂದೆ ಎಂಬ ಮೂರು ರೂಪಗಳಲ್ಲಿ ಚಿತ್ರಿಸಿದಾಗ ಪ್ರಜೆಗೆ ದೊರೆಯುವ ಸ್ಥಾನ ಪ್ರತಿಯೊಂದರಲ್ಲೂ ಹೇಗೆ ಬದಲಾಗುತ್ತದೆ?

2. ಲಿಪಿ ಬದಲಾವಣೆಯಿಂದ ಸಾಕ್ಷರತೆಗಾದ ಲಾಭ ಮತ್ತು ಸಾಹಿತ್ಯ ಪರಂಪರೆಗಾದ ನಷ್ಟ ಇವೆರಡನ್ನೂ ವಿವೇಚಿಸಿರಿ.

3. ಡೆಲಾಕ್ರಾ ಮತ್ತು ಇಝೆರ್ ಇವರ ಚಿತ್ರಗಳ ನಡುವಿನ ವ್ಯತ್ಯಾಸವನ್ನು ಆಧರಿಸಿ, ‘ಅನುಸರಣೆಯೂ ಒಂದು ವ್ಯಾಖ್ಯಾನ’ ಎಂಬ ಮಾತನ್ನು ಚರ್ಚಿಸಿರಿ.

4. ನಿಮ್ಮ ಊರಿನ ಸಾರ್ವಜನಿಕ ಫಲಕಗಳಲ್ಲಿ ಯಾವ ಭಾಷೆಗಳಿವೆ, ಯಾವ ಕ್ರಮದಲ್ಲಿವೆ, ಯಾವುವು ಇಲ್ಲ ಎಂಬುದನ್ನು ಪಟ್ಟಿ ಮಾಡಿ, ಒಂದು ಪುಟದ ಟಿಪ್ಪಣಿ ಬರೆಯಿರಿ.